ಎಣ್ಣೆಯೊಳಗಿನ ನೀರೂ ನಾವು ಕಳುಹಿಸುವ ಹಣವೂ

ಊರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದರೆ ಪರಸ್ಥಳದಲ್ಲಿರುವ ನಮ್ಮಂಥವರ ಎದೆ ಒಮ್ಮೆ ನಡುಗುವುದು ಸಹಜ. 2023ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ನಾನು ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಊರಿನ ಧಕ್ಕೆಯಿಂದ ನನ್ನ ಅಕ್ಕನ ಮಗನು ಮಾತನಾಡಿದನು. "ಮಾವಾ, ಇಂಜಿನಿನ ಎಣ್ಣೆ ಬೆಳ್ಳಗಾಗಿದೆ. ಒಳಗೆ ನೀರು ಹೋಗಿದೆಯಂತೆ. ಹೆಡ್ಡು ಬಿಚ್ಚಬೇಕೆಂದು ವರ್ಕ್‌ಶಾಪಿನವರು ಹೇಳುತ್ತಾರೆ. ಸ್ವಲ್ಪ ಹಣ ಬೇಕಿತ್ತು." ನಾನು ಕೇಳಿದ ಪ್ರಶ್ನೆ ಒಂದೇ ಒಂದು: "ಎಷ್ಟು?" ಅವನು ಹೇಳಿದ ಮೊತ್ತವು ನನ್ನ ಎರಡು ತಿಂಗಳ ಸಂಬಳಕ್ಕಿಂತ ಮಿಗಿಲಾಗಿತ್ತು. ಸಂಜೆಯೊಳಗೆ ಹೇಗೋ ಹೊಂದಿಸಿ ಕಳುಹಿಸಿದೆನು; ಕರ್ತವ್ಯ ತೀರಿಸಿದ ಸಮಾಧಾನದಿಂದ ಮಲಗಿ ನಿದ್ರಿಸಿದೆನು.

ಹೆಡ್ಡು ಬಿಚ್ಚಿದರು, ಗ್ಯಾಸ್ಕೆಟ್ ಬದಲಿಸಿದರು, ಹೊಸ ಎಣ್ಣೆ ತುಂಬಿದರು. ಎಂಟು ದಿನಗಳ ಕಾಲ ಬೋಟು ಧಕ್ಕೆಯಲ್ಲಿ ಸುಮ್ಮನೆ ನಿಂತಿತು. ಒಂಬತ್ತನೆಯ ದಿನ ಕಡಲಿಗಿಳಿಯಿತು. ಅಲ್ಲಿಂದ ಮೂರನೆಯ ದಿನಕ್ಕೆ ಎಣ್ಣೆ ಪುನಃ ಬೆಳ್ಳಗಾಯಿತು. "ಹಾಗಾದರೆ ಲೈನರಿನದೇ ದೋಷವಿರಬೇಕು, ಇಂಜಿನು ಪೂರ್ತಿ ಬಿಚ್ಚೋಣ" ಎಂಬುದು ಈ ಸಲದ ಅಭಿಪ್ರಾಯ. ಮತ್ತೊಂದು ಮೊತ್ತ, ಅದು ಮೊದಲಿನದಕ್ಕಿಂತಲೂ ದೊಡ್ಡದು.

ಈ ಕಥೆಯನ್ನು ನಾನು ಬರೆಯುತ್ತಿರುವುದು ಆ ವರ್ಕ್‌ಶಾಪಿನವರನ್ನು ದೂರುವುದಕ್ಕಲ್ಲ. ಅವರು ಕಳ್ಳರಲ್ಲ, ಕೆಲಸ ತಿಳಿದವರೇ. ದೂರುವುದಾದರೆ ಮೊದಲು ನನ್ನನ್ನೇ ದೂರಿಕೊಳ್ಳಬೇಕು. ಈ ಪತ್ರಿಕೆಯ ವಾಚಕರಲ್ಲಿ ಎಷ್ಟೋ ಮಂದಿ ನನ್ನಂತೆಯೇ ಊರಿನ ಬೋಟುಗಳಲ್ಲಿ ಪಾಲು ಇಟ್ಟವರಿದ್ದಾರೆ. ಹೋಟೆಲಿನ ಗಲ್ಲೆಯಲ್ಲಿ ಕುಳಿತವರು, ಅಡಿಗೆಮನೆಯ ಬೇಗೆಯಲ್ಲಿ ನಿಂತವರು, ಬ್ಯಾಂಕು ಬಂದರು ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುವವರು, ತಮ್ಮನಿಗೆಂದೋ ಭಾವನಿಗೆಂದೋ ಅಳಿಯನಿಗೆಂದೋ ಉಳಿತಾಯವನ್ನು ಸುರಿದವರು. ಮನೆಯ ಹೆಂಗಸರ ಬಳೆ ಸರಗಳು ಆ ಇಂಜಿನಿನ ಸಲುವಾಗಿ ಅಡವಿಗೆ ಹೋದುವೆಂಬುದೂ ಅಪರೂಪದ ಸಂಗತಿಯಲ್ಲ. ಇಷ್ಟೆಲ್ಲ ಇದ್ದರೂ ಆ ಯಂತ್ರದ ವಿಷಯದಲ್ಲಿ ನಾವು ಕೇಳುವ ಪ್ರಶ್ನೆ "ಎಷ್ಟು?" ಎಂಬುದಷ್ಟೇ ಆಗಿದೆ. ಹಣ ಕಳುಹಿಸಿಬಿಟ್ಟರೆ ಯೋಚಿಸುವ ಹೊರೆ ತಪ್ಪಿತೆಂದು ನಾವು ಬಗೆದಿದ್ದೇವೆ. ಅದು ತಪ್ಪೆಂಬುದೇ ಈ ಲೇಖನದ ವಾದ.

ಎಣ್ಣೆಯೊಳಗೆ ನೀರು ಸೇರಿದರೆ ಆಗುವುದೇನು? ತಿರುಗುವ ಕ್ರ್ಯಾಂಕಿಗೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಇರುವ ಎಡೆ ಒಂದು ಮಿಲಿಮೀಟರಿನ ನೂರನೆಯ ಕೆಲವೇ ಪಾಲು. ಆ ಎಡೆಯಲ್ಲಿ ಎಣ್ಣೆಯ ತೆಳುಪೊರೆ ನಿಂತು ಲೋಹವು ಲೋಹಕ್ಕೆ ತಾಗದಂತೆ ಕಾಯುತ್ತದೆ. ನೀರಿಗೆ ಆ ಭಾರ ಹೊರುವ ಶಕ್ತಿಯಿಲ್ಲ. ಬಿಸಿ ತಗಲಿದರೆ ಆವಿಯಾಗಿ ಪೊರೆಯನ್ನೇ ಹರಿಯುತ್ತದೆ. ಮೇಲಾಗಿ, ಒಂದು ಲೀಟರ್ ಎಣ್ಣೆ ಸುಮಾರು 880 ಗ್ರಾಂ ತೂಗಿದರೆ ಒಂದು ಲೀಟರ್ ಕಡಲನೀರು ಸುಮಾರು 1025 ಗ್ರಾಂ ತೂಗುತ್ತದೆ. ಇಂಜಿನು ನಿಂತಾಗ ಬೇರ್ಪಟ್ಟ ನೀರು ತಳಕ್ಕಿಳಿಯುತ್ತದೆ. ಎಣ್ಣೆಯ ಪಂಪು ಹೀರಿಕೊಳ್ಳುವುದೂ ತಳದ ಬಳಿಯಿಂದಲೇ. ಆದುದರಿಂದ ಮರುದಿನ ಇಂಜಿನು ಚಾಲೂ ಮಾಡಿದಾಗ ಬೇರಿಂಗಿಗೆ ದೊರಕುವ ಮೊದಲ ಗುಟುಕು ಎಣ್ಣೆಯಾಗಿರದೆ ನೀರೇ ಆಗಿರಬಹುದು. ಉಪ್ಪುನೀರಾದರಂತೂ ತುಕ್ಕು ಹಿಡಿಯಲು ದಿನಗಳು ಬೇಡ, ಗಂಟೆಗಳು ಸಾಕು.

ಎಷ್ಟು ನೀರು ಸೇರಿದರೆ ಕೆಡುಕು? ನೂರಕ್ಕೆ ಅರ್ಧಪಾಲು ಮೀರಿದರೆ ಆ ಎಣ್ಣೆಯನ್ನು ಎಸೆಯತಕ್ಕದ್ದೆಂಬುದು ಬಲ್ಲವರ ಸಾಮಾನ್ಯ ನಿಯಮ. ಚೇಂಬರಿನಲ್ಲಿ 15 ಲೀಟರ್ ಎಣ್ಣೆ ಹಿಡಿಯುವ ಇಂಜಿನಿಗೆ ಇದು 75 ಮಿಲಿಲೀಟರ್. ನಮ್ಮ ಹೋಟೆಲ್ ಬಂಧುಗಳ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕಟಿಂಗ್ ಚಹಾ. ಇಡೀ ಸಂಸಾರದ ಜೀವನೋಪಾಯವು ಒಂದು ಕಟಿಂಗ್ ಚಹಾದಷ್ಟು ನೀರಿನಲ್ಲಿ ಮುಳುಗಬಲ್ಲದು!

ಆದರೆ ನೀರು ಸೇರಿದೆಯೇ ಎಂಬ ಪ್ರಶ್ನೆಗಿಂತಲೂ ಮುಖ್ಯವಾದ ಪ್ರಶ್ನೆ ಬೇರೊಂದಿದೆ. ಅದನ್ನು ನನಗೆ ಕಲಿಸಿದವರು ಸಸೂನ್ ಡಾಕಿನಲ್ಲಿ ಭೇಟಿಯಾದ ವೃದ್ಧರೊಬ್ಬರು.

1875ರಲ್ಲಿ ತೆರೆದ ಕೊಲಾಬಾದ ಆ ಹಳೆಯ ಡಾಕಿನಲ್ಲಿ ನಮ್ಮ ಕರಾವಳಿಯ ಮಂದಿ ಬಹುಕಾಲದಿಂದ ದುಡಿಯುತ್ತ ಬಂದವರು. ಎರಡನೆಯ ಸಲದ ಕರೆ ಬಂದ ಮರುದಿನ ಭಾನುವಾರ. ಪರಿಚಿತರೊಬ್ಬರನ್ನು ಹಿಡಿದುಕೊಂಡು ಅಲ್ಲಿಗೆ ಹೋದೆನು. ನಾಲ್ವತ್ತು ವರ್ಷಗಳನ್ನು ಇಂಜಿನುಗಳ ಬದಿಯಲ್ಲಿಯೇ ಕಳೆದು, ಕಿವಿ ಮಂದವಾಗಿ ಈಗ ಬಲೆ ಪೋಣಿಸುತ್ತ ಕುಳಿತಿರುವ ಊರ ಕಡೆಯ ಹಳೆಯ ಡ್ರೈವರರ ಮುಂದೆ ನನ್ನ ಗೋಳನ್ನು ತೋಡಿಕೊಂಡೆನು. ಅವರು ಸಾವಧಾನವಾಗಿ ಕೇಳಿ, "ಅದೆಲ್ಲ ಇರಲಿ ಮಾರಾಯರೆ, ಒಳಗೆ ಹೋದದ್ದು ಯಾವ ನೀರು?" ಎಂದರು. ನಾನು ಕಣ್ಣು ಪಿಳುಕಿಸಿದೆನು. ನೀರೆಂದರೆ ನೀರು, ಅದರಲ್ಲಿ ಯಾವುದೆಂಬುದೇನು?

"ಉಪ್ಪಾ ಸಪ್ಪೆಯಾ?" ಎಂದು ಅವರು ಬಿಡಿಸಿ ಕೇಳಿದರು. "ಅದು ಗೊತ್ತಾಗದೆ ಹೆಡ್ಡು ಬಿಚ್ಚಿದವರು ಯಾರು?"

ವಾಚಕರು ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ. ವಿಷಯವೆಲ್ಲ ಇಲ್ಲಿಯೇ ಅಡಗಿದೆ. ರಸ್ತೆಯ ಲಾರಿಯಲ್ಲಿ ಇರುವುದು ಒಂದೇ ನೀರು, ರೇಡಿಯೇಟರಿನದು. ಬೋಟಿನಲ್ಲಿಯಾದರೋ ಬಹುವೇಳೆ ಎರಡು ನೀರುಗಳಿರುತ್ತವೆ. ಇಂಜಿನಿನ ಮೈಯೊಳಗೆ, ಸಿಲಿಂಡರುಗಳ ಸುತ್ತಲೂ ಹೆಡ್ಡಿನ ಒಳಗೂ ಸುತ್ತುವುದು ಟ್ಯಾಂಕಿನ ಸಿಹಿನೀರು. ಆ ಸಿಹಿನೀರನ್ನು ತಣಿಸಲು ಪಂಪು ಹೊರಗಿನಿಂದ ಕಡಲನೀರನ್ನೆಳೆದು, ಕೊಳವೆಗಳ ಪೆಟ್ಟಿಗೆಯೊಂದರ ಮೂಲಕ ಹಾಯಿಸಿ ಪುನಃ ಹೊರಕ್ಕೆ ಚೆಲ್ಲುತ್ತದೆ. ಉಪ್ಪುನೀರು ಹೆಡ್ಡನ್ನೂ ಗ್ಯಾಸ್ಕೆಟ್ಟನ್ನೂ ಲೈನರನ್ನೂ ಮುಟ್ಟುವುದೇ ಇಲ್ಲ. ಹೀಗಿರುವಾಗ ಎಣ್ಣೆಯಲ್ಲಿ ಸಿಕ್ಕಿದ ನೀರು ಉಪ್ಪಾಗಿದ್ದು, ಸಿಹಿನೀರಿನ ಟ್ಯಾಂಕಿನ ಮಟ್ಟವೂ ಕುಗ್ಗದಿದ್ದರೆ, ಹೆಡ್ ಗ್ಯಾಸ್ಕೆಟ್ ನಿರಪರಾಧಿ. ಅದನ್ನು ಬಿಚ್ಚುವುದೆಂದರೆ ಹಲ್ಲುನೋವಿಗೆ ಹೊಟ್ಟೆ ಸೀಳಿದಂತೆ.

ನಮ್ಮ ಕಡೆಯ ಎಷ್ಟೋ ಬೋಟುಗಳ ಇಂಜಿನುಗಳು ಮೂಲತಃ ಲಾರಿಯ ವಂಶದವು. ಅವುಗಳನ್ನು ಕಡಲಿಗೆ ಒಗ್ಗಿಸಿದ್ದು ಆಮೇಲೆ. ಅವುಗಳನ್ನು ಬಿಚ್ಚುವ ಕೈಗಳೂ ಬಹುಮಟ್ಟಿಗೆ ಲಾರಿಯ ಮೇಲೆಯೇ ಪಳಗಿದವು. ಲಾರಿಯ ಎಣ್ಣೆ ಬೆಳ್ಳಗಾದರೆ ಹೆಡ್ಡು ಲೈನರುಗಳನ್ನು ಶಂಕಿಸುವುದು ನ್ಯಾಯವೇ. ಆ ಅಭ್ಯಾಸವೇ ಧಕ್ಕೆಗೂ ಬಂದಿದೆ. ಇದರಲ್ಲಿ ಮೋಸವಿಲ್ಲ, ಅರೆತಿಳಿವು ಇದೆ.

ಆ ರಾತ್ರಿ ಅಳಿಯನಿಗೆ ಕರೆ ಮಾಡಿ, ವೃದ್ಧರು ಹೇಳಿದುದನ್ನೆಲ್ಲ ಒಂದೊಂದಾಗಿ ಮಾಡಿಸಿದೆನು. ಖರ್ಚು ಕಾಸಿನದೂ ಇರಲಿಲ್ಲ. ಇವು ಎಲ್ಲರಿಗೂ ಉಪಯುಕ್ತವಾದುದರಿಂದ ಬರೆದಿಡುತ್ತೇನೆ.

ಮೊದಲನೆಯದಾಗಿ, ಡಿಪ್‌ಸ್ಟಿಕ್ಕನ್ನು ತೆಗೆದು ನೋಡುವುದು. ನೀರು ಸೇರಿದ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಮಜ್ಜಿಗೆ ಕಡೆದಂತೆ ನೊರೆಗಟ್ಟುತ್ತದೆ. ಬಣ್ಣಕ್ಕಿಂತಲೂ ಮಟ್ಟವು ಹೆಚ್ಚು ಹೇಳುತ್ತದೆ. ಇಂಜಿನು ಎಣ್ಣೆಯನ್ನು ತಿನ್ನುತ್ತದೆಯೇ ಹೊರತು ಹೆರುವುದಿಲ್ಲ; ಸುರಿಯದೆಯೇ ಮಟ್ಟ ಏರಿತೆಂದರೆ ಏನೋ ಒಳಗೆ ಬರುತ್ತಿದೆ. ಹಾಗೆ ಬರುವುದು ಡೀಸೆಲ್ಲೂ ಆಗಿರಬಹುದು. ಆದರೆ ಡೀಸೆಲ್ ಸೇರಿದ ಎಣ್ಣೆ ಬೆಳ್ಳಗಾಗದೆ ತೆಳ್ಳಗಾಗುತ್ತದೆ, ಮೂಗಿಗೆ ವಾಸನೆ ಹೊಡೆಯುತ್ತದೆ. ಇನ್ನು, ಎಣ್ಣೆ ತುಂಬುವ ಮುಚ್ಚಳದ ಒಳಮೈಯಲ್ಲಿ ಮಾತ್ರ ತುಸು ಬಿಳಿಯ ಪಸೆ ಕಂಡು, ಡಿಪ್‌ಸ್ಟಿಕ್ಕಿನ ಎಣ್ಣೆ ಸ್ವಚ್ಛವಾಗಿದ್ದರೆ ಗಾಬರಿ ಬೇಡ. ಇಂಜಿನನ್ನು ಬಿಸಿಯೇರದಂತೆ ಹತ್ತು ನಿಮಿಷ ಓಡಿಸಿ ಓಡಿಸಿ ನಿಲ್ಲಿಸಿದರೆ ಗಾಳಿಯ ತೇವವೇ ಹಾಗೆ ಹನಿಗಟ್ಟುತ್ತದೆ.

ಎರಡನೆಯದು ನಮ್ಮ ಹೋಟೆಲಿನವರಿಗೆ ಹೇಳಿಕೊಡಬೇಕಾದುದೇ ಇಲ್ಲ. ಕಾವಲಿ ಕಾದಿದೆಯೇ ಎಂದು ನೋಡಲು ದೋಸೆ ಹುಯ್ಯುವವನು ನೀರು ಚಿಮುಕಿಸಿ ಚುಂಯ್‌ಗುಟ್ಟುವ ಸದ್ದನ್ನು ಕೇಳುತ್ತಾನಷ್ಟೆ? ಅದೇ ವಿದ್ಯೆ. ಕೆಲಸಕ್ಕೆ ಬಾರದ ಹಳೆಯ ಕಾವಲಿಯೊಂದನ್ನು ನೀರಿನ ಕುದಿಬಿಂದುವನ್ನು ಮೀರಿ, ಸುಮಾರು 160 ಡಿಗ್ರಿಯವರೆಗೆ ಕಾಯಿಸಿ, ಶಂಕೆಯ ಎಣ್ಣೆಯ ಒಂದು ಹನಿಯನ್ನು ಬಿಟ್ಟರೆ, ಶುದ್ಧವಾದ ಎಣ್ಣೆ ಮೌನವಾಗಿ ಹರಡುತ್ತದೆ; ನೀರಿದ್ದರೆ ಚಟಚಟನೆ ಸಿಡಿಯುತ್ತದೆ. ಸಾವಿರಕ್ಕೆ ಒಂದು ಪಾಲು ನೀರಿದ್ದರೂ ಕಿವಿಗೆ ತಿಳಿಯುತ್ತದೆ. ಒಂದೇ ಹನಿ, ಮುಖವನ್ನು ದೂರವಿಟ್ಟುಕೊಂಡು. ಊಟದ ಕಾವಲಿಯನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಬಾರದು.

ಮೂರನೆಯದೇ ನಿರ್ಣಾಯಕ. ಇಂಜಿನನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಚಾಲೂ ಮಾಡುವ ಮೊದಲು ಚೇಂಬರಿನ ತಳದ ಬಿರಡೆಯನ್ನು ಮೆಲ್ಲಗೆ ಸಡಿಲಿಸಿದರೆ ಮೊದಲು ಹೊರಬರುವುದು ನೀರು. ಅದರಲ್ಲಿ ಸ್ವಲ್ಪವನ್ನು ಸ್ಟೀಲಿನ ಚಮಚದಲ್ಲಿ ಹಿಡಿದು ಉರಿಯ ಮೇಲೆ ಆರಿಸಬೇಕು. ಕಡಲನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಚಮಚದಲ್ಲಿ ಬಿಳಿಯ ಹರಳಿನ ಪೊರೆ ಉಳಿಯುತ್ತದೆ. ಮಳೆಯ ನೀರಾದರೆ ಏನೂ ಉಳಿಯದು. ಬಣ್ಣದ ಕೂಲೆಂಟ್ ಸೇರಿಸಿದ ಟ್ಯಾಂಕಿನ ನೀರಾದರೆ ಬಣ್ಣವೇ ಗುಟ್ಟು ಹೇಳುತ್ತದೆ. ನಾಲಗೆಗೆ ತಾಗಿಸಿ ನೋಡುವ ಪದ್ಧತಿ ಕೆಲವರಲ್ಲಿದೆ. ದಯವಿಟ್ಟು ಅದನ್ನು ಯಾರೂ ಮಾಡಬಾರದು. ಬಳಸಿದ ಎಣ್ಣೆಯೂ ಕೂಲೆಂಟೂ ವಿಷಗಳು, ಕೂಲೆಂಟಿನದು ಸಿಹಿಯಾದ ವಿಷ.

ಅಳಿಯನ ಚಮಚದಲ್ಲಿ ಉಪ್ಪು ಉಳಿಯಿತು. ಸಿಹಿನೀರಿನ ಟ್ಯಾಂಕಿನ ಮಟ್ಟ ಮೊದಲಿನಂತೆಯೇ ಇದ್ದಿತು. ಅಂದರೆ, ಹದಿನೈದು ದಿನಗಳ ಹಿಂದೆ ನಾವು ತೆತ್ತ ಹಣವು ಯಾವ ದೋಷವೂ ಇಲ್ಲದ ಗ್ಯಾಸ್ಕೆಟ್ಟಿಗೆ ಸಂದಿತ್ತು.

ಉಳಿದುದನ್ನು ವೃದ್ಧರು ದೂರವಾಣಿಯಲ್ಲಿಯೇ ಬಗೆಹರಿಸಿದರು. ಕಡಲನೀರು ಎಣ್ಣೆಯನ್ನು ತಲುಪಬಹುದಾದ ದಾರಿಗಳು ನಾಲ್ಕೈದೇ. ಬೋಟಿನ ತಳದಲ್ಲಿ ನೀರು ನಿಂತು ಇಂಜಿನು ಮುಳುಗಿತ್ತೇ? ಇಲ್ಲ. ಹೊಗೆಯ ಕೊಳವೆಗೆ ಕಡಲನೀರು ಬೆರೆಸುವ ಏರ್ಪಾಡಿದೆಯೇ? ಇಲ್ಲ, ನಮ್ಮದು ನೆಟ್ಟಗೆ ಮೇಲಕ್ಕೆ ಹೋದ ಒಣಕೊಳವೆ. (ನೀರು ಬೆರೆಸುವ ಏರ್ಪಾಡುಳ್ಳ ಇಂಜಿನುಗಳಲ್ಲಿ ನಿಂತ ಮೇಲೆ ಕಡಲನೀರು ಹಿಮ್ಮುಖವಾಗಿ ಸಿಲಿಂಡರಿಗೇ ಇಳಿಯುವುದುಂಟು. ಚಾಲೂ ಆಗದ ಇಂಜಿನನ್ನು ಹಟದಿಂದ ಮತ್ತೆ ಮತ್ತೆ ಸೆಲ್ಫ್ ಹೊಡೆದರೂ ಹಾಗೆಯೇ ಆಗುತ್ತದೆ.) ಆಯಿಲ್ ಕೂಲರಿಗೆ ಯಾವ ನೀರು? ಸಿಹಿನೀರು. ಅದೂ ಬಿಟ್ಟಿತು. ಕೂಲರಿಗೆ ಕಡಲನೀರೇ ಹರಿಯುವ ಇಂಜಿನುಗಳಲ್ಲಿ ಒಂದು ಗುರುತಿದೆ: ಓಡುವಾಗ ಎಣ್ಣೆಯ ಒತ್ತಡ ನೀರಿನದಕ್ಕಿಂತ ಹೆಚ್ಚಾದುದರಿಂದ ಎಣ್ಣೆಯೇ ಹೊರಕ್ಕೆ ಹೋಗುತ್ತದೆ, ಚೆಲ್ಲುವ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುತ್ತದೆ, ನಿಂತ ಮೇಲೆ ನೀರು ಒಳಗೆ ನುಸುಳುತ್ತದೆ.

ಕಡೆಗುಳಿದುದು ಕಡಲನೀರಿನ ಪಂಪು. ಬೆಲ್ಟಿನಿಂದ ತಿರುಗುತ್ತ ಹೊರಗೆ ಪ್ರತ್ಯೇಕವಾಗಿರುವ ಪಂಪಾದರೆ ಅದನ್ನೂ ಬಿಟ್ಟುಬಿಡಬಹುದು. ಅದರ ನೀರು ಎಣ್ಣೆಯನ್ನು ಸೇರುವ ಹಾದಿಯೇ ಇಲ್ಲ. ನಮ್ಮದು ಗೇರಿನಿಂದ ತಿರುಗುವ, ಇಂಜಿನಿನ ಮೈಗೇ ಕೂಡಿಸಿದ ಪಂಪು. ಇಂಥ ಪಂಪಿನ ದಂಡದ ಮೇಲೆ ಎರಡು ಸೀಲುಗಳಿರುತ್ತವೆ. ಒಂದು ನೀರನ್ನು ತಡೆಯುತ್ತದೆ, ಇನ್ನೊಂದು ಎಣ್ಣೆಯನ್ನು. ಎರಡರ ನಡುವೆ ಕೆಳಮುಖವಾಗಿ ಒಂದು ಸಣ್ಣ ಕಿಂಡಿ. ನೀರಿನ ಸೀಲು ಸವೆದರೆ ನೀರು ಆ ಕಿಂಡಿಯಿಂದ ಹೊರಗೆ ತೊಟ್ಟಿಕ್ಕಿ, "ನಾನು ಹಳತಾದೆ, ನನ್ನನ್ನು ಬದಲಿಸಿ" ಎಂದು ಸೂಚಿಸಲೆಂದೇ ಅದನ್ನು ಕೊರೆದಿರುತ್ತಾರೆ. ಆ ಕಿಂಡಿ ಮುಚ್ಚಿಹೋದರೆ ನೀರಿಗೆ ಒಳಗಿನ ಸೀಲನ್ನು ದಾಟಿ ಎಣ್ಣೆಯ ಕಡೆಗೆ ಹೋಗುವುದಲ್ಲದೆ ಗತ್ಯಂತರವಿಲ್ಲ.

ನಮ್ಮ ಪಂಪಿನ ಕಿಂಡಿ ಮುಚ್ಚಿಹೋಗಿತ್ತು. ಬಣ್ಣದಿಂದ. ಮಳೆಗಾಲದ ಬಿಡುವಿನಲ್ಲಿ ಇಂಜಿನಿಗೆ ಬಣ್ಣ ಬಳಿದವನು ನನ್ನ ಅಳಿಯನೇ. ಬಣ್ಣಕ್ಕೆ ಹಣ ಕಳುಹಿಸಿದವನು ನಾನೇ.

ಎರಡು ಸೀಲುಗಳ ಬೆಲೆ, ನಾಲ್ವರು ಸಾಧಾರಣ ಹೋಟೆಲಿನಲ್ಲಿ ಉಂಡರೆ ಆಗುವ ಬಿಲ್ಲಿಗಿಂತ ಹೆಚ್ಚಿರಲಿಲ್ಲ. ಆದರೆ ಅಷ್ಟರಲ್ಲಿ ಉಪ್ಪುನೀರಿನ ಎಣ್ಣೆಯಲ್ಲಿ ಓಡಿದ ಬೇರಿಂಗುಗಳು ಹುಣ್ಣು ಬಿದ್ದಂತಾಗಿದ್ದುವು, ಅವುಗಳನ್ನು ಬದಲಿಸಲೇಬೇಕಾಯಿತು. ಮೊದಲ ದಿನವೇ ಚಮಚ ಹಿಡಿದಿದ್ದರೆ ಅವು ಬಹುಶಃ ಉಳಿಯುತ್ತಿದ್ದುವು.

ಇನ್ನು ಸಿಹಿನೀರು ಸಿಕ್ಕಿದರೇನು? ಆಗ ವರ್ಕ್‌ಶಾಪಿನವರ ಶಂಕೆಗೆ ಬೆಲೆ ಬರುತ್ತದೆ. ಆದರೂ ಕಣ್ಣು ಮುಚ್ಚಿ ಬಿಚ್ಚಬೇಕಾಗಿಲ್ಲ. ಇಂಜಿನು ಓಡುವಾಗ ಟ್ಯಾಂಕಿನ ನೀರಿನಲ್ಲಿ ನಿಲ್ಲದೆ ಗುಳ್ಳೆಗಳೇಳುತ್ತಿದ್ದರೆ ಗ್ಯಾಸ್ಕೆಟ್ಟಿನ ಅಥವಾ ಬಿರಿದ ಹೆಡ್ಡಿನ ಕಡೆಗೆ ಬೆರಳು ತೋರುತ್ತದೆ. ಚೇಂಬರನ್ನು ಕಳಚಿ, ಸಿಹಿನೀರಿನ ಕೋಣೆಗೆ ಕೈಪಂಪಿನಿಂದ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತಡ ಕೊಟ್ಟು, ಕೆಳಗೆ ಕಾಗದ ಹಾಸಿ ಕೆಲವು ತಾಸು ಕಾದರೆ ಹನಿ ತಾನೇ ಬಿದ್ದು ಜಾಗ ತೋರಿಸುತ್ತದೆ. ಲೈನರಿನ ಹೊರಬುಡದಿಂದ ಇಳಿದರೆ ರಬ್ಬರಿನ ರಿಂಗು. ಪಿಸ್ಟನ್ನಿನ ಬದಿಯಿಂದ ಇಳಿದರೆ ಮೇಲಿನ ದೋಷ. ಆರು ಸಿಲಿಂಡರುಗಳಲ್ಲಿ ಯಾವುದೆಂಬುದೂ ತಿಳಿಯುತ್ತದೆ. ಇದಕ್ಕೆ ಬೇಕಾದುದು ತಾಳ್ಮೆ. ತಾಳ್ಮೆಗೆ ಮಾತ್ರ ನಮ್ಮ ಬಿಲ್ಲುಗಳಲ್ಲಿ ಕಲಮು ಇಲ್ಲ.

ನನ್ನ ಮುಖ್ಯ ಆಕ್ಷೇಪ ಇಲ್ಲಿಯೇ. ನಾವು ವರ್ಕ್‌ಶಾಪಿಗೆ ಹಣ ಕೊಡುವುದು ಬಿಚ್ಚಿದುದಕ್ಕೆ, ಜೋಡಿಸಿದುದಕ್ಕೆ, ಬದಲಿಸಿದ ಸಾಮಾನಿಗೆ. ದೋಷ ಎಲ್ಲಿದೆಯೆಂದು ಕುಳಿತು ಯೋಚಿಸಿದುದಕ್ಕೆ ಯಾರೂ ಒಂದು ಕಾಸು ಕೊಟ್ಟವರಲ್ಲ. ಮೂರು ತಾಸು ಪರೀಕ್ಷಿಸಿ, "ನಿಮ್ಮ ಹೆಡ್ಡಿಗೆ ಏನೂ ಆಗಿಲ್ಲ, ಕಿಂಡಿಯ ಬಣ್ಣ ಕೆರೆಯಿರಿ" ಎಂದು ಹೇಳಿ, ಅದಕ್ಕಾಗಿ ಯೋಗ್ಯ ಸಂಭಾವನೆ ಕೇಳುವ ಮೆಕ್ಯಾನಿಕನನ್ನು ನಾವು ಲೂಟಿಕೋರನೆನ್ನುತ್ತೇವೆ. ಇಂಜಿನನ್ನು ಚೂರು ಚೂರಾಗಿ ಹರಡಿ ಅದರ ಹತ್ತರಷ್ಟು ಬಿಲ್ಲು ಮಾಡಿದವನನ್ನು "ಕಷ್ಟಪಟ್ಟ ಪಾಪ" ಎನ್ನುತ್ತೇವೆ. ವೈದ್ಯನಿಗೆ ನಾಡಿ ನೋಡಿದ್ದಕ್ಕೆ ಫೀಸು ಕೊಡುವ ನಾವು ಇಂಜಿನಿನ ನಾಡಿ ನೋಡಿದವನಿಗೆ ಕೊಡಲಾರೆವೇ? ಕೊಡಬೇಕು, ದೋಷ ಹಿಡಿದುಕೊಟ್ಟ ಕೆಲಸಕ್ಕೇ ಪ್ರತ್ಯೇಕವಾಗಿ, ದುರಸ್ತಿ ಅವನಿಂದ ಮಾಡಿಸಲಿ ಬಿಡಲಿ, ಕೊಡಬೇಕು. ಆಗ ಮಾತ್ರ ಬಿಚ್ಚುವ ಆತುರ ತಗ್ಗೀತು.

ಇದಕ್ಕೆ ಊರಿನವರು ಒಡ್ಡುವ ಪ್ರತಿವಾದವನ್ನು ನಾನು ಬಲ್ಲೆನು. ಆಗಸ್ಟ್ ಬಂದಿತೆಂದರೆ ಒಂದೊಂದು ದಿನವೂ ಬಂಗಾರ. ಪರೀಕ್ಷೆ ಮಾಡುತ್ತ ಕುಳಿತರೆ ಪಕ್ಕದ ಬೋಟಿನವರು ಮೀನು ತರುತ್ತಾರೆ, ಬ್ಯಾಂಕಿನ ಕಂತು ಕಾಯುವುದಿಲ್ಲ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಮುಂಬಯಿಯ ಫ್ಯಾನಿನ ಕೆಳಗೆ ಕುಳಿತು ತಾಳ್ಮೆಯ ಉಪದೇಶ ಮಾಡುವುದು ಸುಲಭವೆಂಬುದನ್ನೂ ಒಪ್ಪುತ್ತೇನೆ. ಆದರೆ ಲೆಕ್ಕ ಹಾಕಿ ನೋಡಿದರೆ, ನಮ್ಮ ಬೋಟು ನಿಂತಿದ್ದು ಮೊದಲು ಎಂಟು ದಿನ, ಅನಂತರ ಬೇರಿಂಗಿಗಾಗಿ ಹನ್ನೊಂದು ದಿನ. ಚಮಚದ ಪರೀಕ್ಷೆಗೆ ತಗಲಿದ್ದು ಒಂದು ರಾತ್ರಿ.

ಇನ್ನೊಂದು ಸಂಗತಿಯನ್ನು ಬಿಚ್ಚಿ ಹೇಳಲೇಬೇಕು. ಎಣ್ಣೆ ಬೆಳ್ಳಗಾದುದು ಎಲ್ಲರಿಗಿಂತ ಮೊದಲು ಡ್ರೈವರನ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ತಾಂಡೇಲನಿಂದ ಹಿಡಿದು ಕಲಾಸಿಯವರೆಗೆ ಬಹುಪಾಲು ಮಂದಿಯ ಸಂಪಾದನೆ ಹಿಡಿದ ಮೀನಿನ ಪಾಲಿನ ಮೇಲೆ ನಿಂತಿದೆ. ಬೋಟು ನಿಂತರೆ ಅವರ ಮನೆಯ ಒಲೆಯೂ ನಿಲ್ಲುತ್ತದೆ. ಹೀಗಿರುವಾಗ "ಇಂಜಿನು ನಿಲ್ಲಿಸಿ" ಎಂದು ಬಾಯಿ ಬಿಡುವ ಡ್ರೈವರನು ಹತ್ತು ಜನರ ಕೋಪಕ್ಕೆ ಗುರಿಯಾಗುತ್ತಾನೆ. ಆತ ಒಂದಷ್ಟು ಹೊಸ ಎಣ್ಣೆ ಸುರಿದು, ಈ ಒಂದು ಟ್ರಿಪ್ಪು ಹೇಗಾದರೂ ಆಗಲಿ ಎಂದು ಸುಮ್ಮನಾದರೆ ಅವನನ್ನು ಹೇಗೆ ದೂರೋಣ? ದಡದಿಂದ ಹತ್ತಾರು ಮೈಲು ಆಚೆ, ಆಗಸ್ಟಿನ ಅಲೆಗಳ ನಡುವೆ ಬೇರಿಂಗು ಹಿಡಿದು ಇಂಜಿನು ಸ್ತಬ್ಧವಾದರೆ ಆಗ ಪ್ರಶ್ನೆ ಹಣದ್ದಲ್ಲ. ಇಂಜಿನು ನಿಂತ ಬೋಟು ಅಲೆಗೆ ಅಡ್ಡಬೀಳುತ್ತದೆ. ಅದರಲ್ಲಿ ನಮ್ಮ ಮನೆಯ ಮಕ್ಕಳಿರುತ್ತಾರೆ. ಆದುದರಿಂದ, ದೋಷವನ್ನು ಮೊದಲೇ ಹೇಳಿ ಬೋಟು ನಿಲ್ಲಿಸಿದ ಡ್ರೈವರನಿಗೆ ಆ ದಿನಗಳ ಕೂಲಿಯನ್ನು ಪಾಲುದಾರರು ತುಂಬಿಕೊಡಬೇಕೆಂದು ನಾನು ಖಂಡಿತವಾಗಿ ಹೇಳುತ್ತೇನೆ. ನಮ್ಮ ಬೋಟಿನಲ್ಲಿ 2024ರಿಂದ ಹಾಗೆಯೇ ನಡೆಸುತ್ತಿದ್ದೇವೆ. ಮೊದಲು ಇತರ ಪಾಲುದಾರರು ಗೊಣಗಿದರು. ಈಗಲೂ ಒಬ್ಬರು ಗೊಣಗುತ್ತಾರೆ.

ಮಳೆಗಾಲದ ಬಿಡುವಿನ ಕುರಿತೂ ಒಂದು ಮಾತು. ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಯ ನಿಷೇಧವಿದೆ. ಈ ಎರಡು ತಿಂಗಳಲ್ಲಿಯೇ ಉಡುಪಿಯ ಕಡೆ ಎರಡು ಮೀಟರನ್ನು ಮೀರಿ ಮಳೆ ಸುರಿಯುತ್ತದೆ. ನಾಲ್ಕು ಅಂಗುಲ ಅಗಲದ ಹೊಗೆಕೊಳವೆಯ ಬಾಯನ್ನು ತೆರೆದೇ ಬಿಟ್ಟರೆ ಅದರೊಳಗೆ ಇಳಿಯುವ ನೀರು ಸುಮಾರು 16 ಲೀಟರ್; ಗುಮಾಸ್ತ ಬಂಧುಗಳು ಬೇಕಾದರೆ ಗುಣಿಸಿ ನೋಡಲಿ. ತೆರೆದ ವಾಲ್ವಿನ ಮೂಲಕ ಅದರಲ್ಲಿ ಸ್ವಲ್ಪ ಸಿಲಿಂಡರಿಗಿಳಿದರೂ ಸಾಕು. ಡೀಸೆಲ್ ಇಂಜಿನು ಗಾಳಿಯನ್ನು ಹದಿನಾರು ಹದಿನೆಂಟನೆಯ ಒಂದು ಪಾಲಿಗೆ ಅಮುಕುವ ಯಂತ್ರ. ಗಾಳಿ ಅಮುಕಿಸಿಕೊಳ್ಳುತ್ತದೆ, ನೀರು ಅಮುಕಿಸಿಕೊಳ್ಳುವುದಿಲ್ಲ. ಆಗಸ್ಟ್ ಒಂದರ ಉತ್ಸಾಹದಲ್ಲಿ ಸೆಲ್ಫ್ ಹೊಡೆದರೆ ಬಾಗುವುದು ಕನೆಕ್ಟಿಂಗ್ ರಾಡು. ಕೊಳವೆಯ ಬಾಯಿಗೆ ಒಂದು ಡಬ್ಬಿ ಕವುಚಿ, ಚಾಲೂ ಮಾಡುವ ಮೊದಲು ನಾಝಲುಗಳನ್ನು ಕಳಚಿ ಕೈಯಿಂದ ಎರಡು ಸುತ್ತು ತಿರುಗಿಸಿದರೆ ಈ ಭಯವಿಲ್ಲ.

ಇಂಜಿನು ನಮ್ಮ ತೀರಕ್ಕೆ ಹೊಸಬನೇನೂ ಅಲ್ಲ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಒಪ್ಪಂದವಾಗಿ ಕೇರಳದ ನೀಂಡಕರೆಯಲ್ಲಿ ಯಾಂತ್ರಿಕ ಮೀನುಗಾರಿಕೆಯ ಪ್ರಯೋಗ ಆರಂಭವಾಯಿತು. 1963ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ಮೀನುಗಾರಿಕಾ ತರಬೇತಿ ಸಂಸ್ಥೆಯು ಬೋಟು ನಡೆಸುವವರನ್ನೂ ಇಂಜಿನು ನೋಡಿಕೊಳ್ಳುವವರನ್ನೂ ತಯಾರಿಸುತ್ತ ಬಂದಿದೆ. ಹಾಯಿಯ ಕಾಲದಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬಂದ ತಿಳಿವು ಸಾಕಾಗುತ್ತಿತ್ತು. ಗೇರು ಸೀಲುಗಳ ವಿದ್ಯೆ ರಕ್ತದಲ್ಲಿ ಬರುವುದಿಲ್ಲ. ಮುಂಬಯಿ ಪುಣೆಗಳ ನಮ್ಮ ಸಂಘಗಳು ವಾರ್ಷಿಕೋತ್ಸವದಲ್ಲಿ ಶಾಲುಗಳಿಗೂ ಹಾರಗಳಿಗೂ ವ್ಯಯಿಸುವ ಹಣದಲ್ಲಿ ಸ್ವಲ್ಪವನ್ನು ಕಡಿದು, ಊರಿನ ಒಬ್ಬಿಬ್ಬರು ಹುಡುಗರನ್ನು ವರ್ಷಂಪ್ರತಿ ಅಂಥ ತರಬೇತಿಗೆ ಕಳುಹಿಸಿದರೆ ತಪ್ಪೇನು? ಹಾರ ಹಾಕಿಸಿಕೊಳ್ಳುವವರ ಅಭಿಪ್ರಾಯ ಬೇರೆಯಿರಬಹುದು.

ಹಣ ಕಳುಹಿಸುವವರು ತಕ್ಷಣ ಮಾಡಬಹುದಾದುದೂ ಒಂದಿದೆ. "ಎಣ್ಣೆ ಬೆಳ್ಳಗಾಗಿದೆ" ಎಂಬ ಕರೆ ಬಂದರೆ, "ಎಷ್ಟು?" ಎನ್ನುವುದಕ್ಕೆ ಮೊದಲು, "ಉಪ್ಪೋ ಸಪ್ಪೆಯೋ? ಟ್ಯಾಂಕಿನ ಮಟ್ಟ ಇಳಿದಿದೆಯೋ?" ಎಂದು ಕೇಳಿರಿ. ಉತ್ತರ ಬರುವವರೆಗೆ ಇಂಜಿನು ಓಡಿಸದಿರಲು ಹೇಳಿರಿ. ಕಡಲನೀರೆಂದು ಗೊತ್ತಾದರೆ, ಕೆಟ್ಟ ಎಣ್ಣೆಯನ್ನು ಅಂದೇ ಹರಿಸಿ, ದೋಷವನ್ನು ಸರಿಪಡಿಸಿದ ಮೇಲೆ ಅಗ್ಗದ ಎಣ್ಣೆ ತುಂಬಿ ಸ್ವಲ್ಪ ಹೊತ್ತು ಓಡಿಸಿ ಚೆಲ್ಲುವುದನ್ನು, ಬಿಳುಪು ಹೋಗುವವರೆಗೆ ಮೂರು ನಾಲ್ಕು ಸಲ, ಫಿಲ್ಟರನ್ನೂ ಬದಲಿಸುತ್ತ, ಮಾಡಿಸಬೇಕು. ಈ ಎಣ್ಣೆಗೆ ಹಣ ಕೇಳಿದರೆ ಹಿಂದೆಗೆಯದೆ ಕಳುಹಿಸಿರಿ.

ನಮ್ಮ ಬೋಟಿನ ಸಾಲ ಇನ್ನೂ ತೀರಿಲ್ಲ. ಅಳಿಯನು ಈಗ ಪ್ರತಿ ಟ್ರಿಪ್ಪಿಗೆ ಹೊರಡುವ ಮುನ್ನ ಡಿಪ್‌ಸ್ಟಿಕ್ಕಿನ ಒಂದು ಫೋಟೋ ಕಳುಹಿಸುತ್ತಾನೆ. ನಾನು ರೈಲಿನ ನೂಕುನುಗ್ಗಲಿನಲ್ಲಿ ನಿಂತುಕೊಂಡೇ ಅದನ್ನು ದೊಡ್ಡದು ಮಾಡಿ ನೋಡುತ್ತೇನೆ. ಕಳೆದ ಮಳೆಗಾಲದಲ್ಲಿಯೂ ಅವನು ಇಂಜಿನಿಗೆ ಬಣ್ಣ ಬಳಿದನು. ಬಳಿಯುವ ಮೊದಲು ಪಂಪಿನ ಕಿಂಡಿಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿಟ್ಟು, ಬಣ್ಣ ಒಣಗಿದ ಮೇಲೆ ಎಳೆದು ತೆಗೆದನಂತೆ.